ಗೂರ್ಖಾನ ಮಗಳಿಗೆ ಯಾವ ದೇಶ?

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ನಾನು ಇಳಕಲ್ಲಿನ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಹೆಸರು ಜೋಹರಾ. ಓಣಿಯವರಿಗೆಲ್ಲ ಜೋಹರಾ ಅಕ್ಕೋರು. ನನ್ನ ಬಾಯಿ ಜೋರು ಅನ್ನುವುದು ಎಲ್ಲರಿಗೂ ಗೊತ್ತು. ಈ ಸಂಗತಿಯಲ್ಲಿ ಬಾಯಿ ಜೋರು ಮಾಡಿದರೂ ಏನೂ ಆಗಲಿಲ್ಲ. ಅದಕ್ಕೇ ಪೆನ್ನು ಹಿಡಿದು ಕೂತಿದ್ದೇನೆ.

ಬರೆಯುತ್ತಿರುವುದು ಎದುರು ಮನೆಯ ಶೈಲಾಳ ಬಗ್ಗೆ. ಅವಳ ಅಪ್ಪ ನಮ್ಮ ಸೀರೆ ಬಜಾರಿನ ಗೂರ್ಖಾ. ನೇಪಾಳದ ಪಶ್ಚಿಮದ ಗುಡ್ಡಗಾಡಿನಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದವನು, ಇಲ್ಲೇ ತಲೆ ನರೆಸಿಕೊಂಡ. ಅವನ ಪೂರ್ತಿ ಹೆಸರು ಖಡಕ್ ಬಹಾದ್ದೂರ ಬೊಹರಾ. ಊರಿಗೆ ಅಷ್ಟು ಉದ್ದ ಹೆಸರು ಯಾಕೆ ಬೇಕು? ಬಹಾದ್ದೂರ ಅಂದರೆ ಮುಗಿಯಿತು. ಸಿನಿಮಾದ ಗೂರ್ಖಾಗಳ ಹಾಗೆ ಅವನು 'ಶಾಬ್ ಶಾಬ್' ಅನ್ನುವವನಲ್ಲ. ಇಳಕಲ್ಲಿನ ಅಸಲು ಕನ್ನಡ ಮಾತಾಡುತ್ತಾನೆ, ಬೈಯುವುದನ್ನೂ ಇಲ್ಲೇ ಕಲಿತಿದ್ದಾನೆ. ಒಮ್ಮೆ ಪ್ರಭುಲಿಂಗನ ಸೀರೆ ಅಂಗಡಿಯ ಶಟರ್ ಎತ್ತಲು ಬಂದ ಕಳ್ಳರು ಕಬ್ಬಿಣದ ಸರಳಿನಿಂದ ಇವನ ಎಡಗೈ ಮುರಿದರು. ಮುರಿದ ಕೈಯಲ್ಲೇ ಸೀಟಿ ಊದಿ ಊರೆಲ್ಲ ಎಬ್ಬಿಸಿದ. ಆ ಕೈ ಈಗಲೂ ಸೊಟ್ಟಗಿದೆ. ಪ್ರಭುಲಿಂಗನ ಹೆಸರು ನೆನಪಿಡಿ, ಅವನ ಕಡೆ ಆಮೇಲೆ ಬರುತ್ತೇನೆ.

ಶೈಲಾಳ ಅವ್ವ ಬಸಲಿಂಗವ್ವ ಈ ಊರಿನ ನೇಕಾರರ ಮಗಳು. ಬೆಳಗಿನ ಜಾವಕ್ಕೆ ಎದ್ದು ಬಾಗಿಲಲ್ಲಿ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಇವನು ಪಾಳಿ ಮುಗಿಸಿ ಅದೇ ದಾರಿಯಲ್ಲಿ ಬರುತ್ತಿದ್ದ. ಯಾರು ಮೊದಲು ನಕ್ಕರೋ ದೇವರಿಗೇ ಗೊತ್ತು. ಇಬ್ಬರೂ ಕೂಡಲಸಂಗಮಕ್ಕೆ ಹೋಗಿ ಹಾರ ಹಾಕಿಕೊಂಡು ಬಂದಾಗ ಅವಳ ಅಪ್ಪ, ನನಗೆ ಮಗಳೇ ಇಲ್ಲ ಅಂದು ಬಾಗಿಲು ಹಾಕಿಕೊಂಡ. ಓಣಿಯಲ್ಲಿ ಯಾರೂ ಮನೆ ಕೊಡಲಿಲ್ಲ. ನಮ್ಮ ಅಬ್ಬಾನ ಹಳೆಯ ಮನೆ ಎದುರಿಗೆ ಖಾಲಿ ಬಿದ್ದಿತ್ತು, ಅದರಲ್ಲಿ ಬಂದು ಸೇರಿದರು.

ಬಸಲಿಂಗವ್ವ ಬಸುರಿಯಾದಾಗ ಬಹಾದ್ದೂರನಿಗೆ ಒಂದೇ ಹಟ: ಹೆರಿಗೆ ತನ್ನ ತಾಯಿಯ ಹತ್ತಿರ, ಗುಡ್ಡದ ಮನೆಯಲ್ಲಿ ಆಗಬೇಕು. ರೈಲಿನ ಟಿಕೀಟೂ ತೆಗೆಸಿದ್ದ. ಹೊರಡುವುದಕ್ಕೆ ಮುಂಚೆ ಒಂದು ಮಧ್ಯಾಹ್ನ ಬಸಲಿಂಗವ್ವನ ತಾಯಿ ಬಂದು ಹೊಸ್ತಿಲಲ್ಲಿ ನಿಂತಳು. ಮದುವೆಯಾದಂದಿನಿಂದ ಮುಖ ತೋರಿಸದವಳು, ಕೈಯಲ್ಲಿ ಬಾಣಂತಿಗೆ ಕೊಡುವ ಅಂಟಿನ ಉಂಡಿಯ ಡಬ್ಬಿ ಹಿಡಿದು ನಿಂತಿದ್ದಳು. ಅವಳು ಆಡಿದ ಮಾತು ನಾನು ಕಿವಿಯಾರೆ ಕೇಳಿದ್ದು.

“ಮದವಿಗೆ ನಾವು ಬಂದಿಲ್ಲ, ಅದು ಬ್ಯಾರೆ ಮಾತು. ಚೊಚ್ಚಲ ಬಾಣಂತನ ತವರಿಂದು. ಅದನ್ನ ಮಾತ್ರ ನಾ ಬಿಡಂಗಿಲ್ಲ.”

ಗಂಡನಿಗೆ ಹೆದರಿ ಮಗಳನ್ನು ಮನೆಗೆ ಕರೆದೊಯ್ಯಲಾಗಲಿಲ್ಲ. ತಾನೇ ಇಲ್ಲಿ ಬಂದು ಕೂತು, ಎರೆದು, ಕಾಯಿಸಿ, ಬಾಣಂತನ ಮುಗಿಸಿ ಹೋದಳು. ಹೀಗೆ ಶೈಲಾ ಹುಟ್ಟಿದ್ದು ಇಳಕಲ್ಲಿನ ದವಾಖಾನೆಯಲ್ಲಿ. ಇಲ್ಲಿ ಹುಟ್ಟಿದಳು, ತಾಯಿ ಇಲ್ಲಿಯವಳು, ಅಂದಮೇಲೆ ಭಾರತದವಳು. ತಂದೆ ನೇಪಾಳದವನು, ಅಂದಮೇಲೆ ಅಲ್ಲಿಯ ಕಾನೂನಿನ ಪ್ರಕಾರ ಅಲ್ಲಿಯವಳೂ ಹೌದು. ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಇದೆಲ್ಲ ಏನು ಗೊತ್ತು? ನಮಗೂ ಗೊತ್ತಿರಲಿಲ್ಲ.

ಹುಡುಗಿಗೆ ಹದಿನಾರಾದ ವರ್ಷ ಬಹಾದ್ದೂರ ದಸರೆಗೆ ಹೆಂಡತಿ ಮಗಳನ್ನು ತನ್ನ ಊರಿಗೆ ಕರೆದೊಯ್ದ. ಅಲ್ಲಿ ಹದಿನಾರು ತುಂಬಿದ ಮಕ್ಕಳಿಗೆ ಜಿಲ್ಲಾ ಕಚೇರಿಯಲ್ಲಿ ನಾಗರಿಕತೆಯ ಪತ್ರ ಮಾಡಿಸುವುದು ವಾಡಿಕೆ. ದಾಯಾದಿಗಳ ಮಕ್ಕಳೆಲ್ಲ ಹೊರಟಿದ್ದರು, ಇವಳನ್ನೂ ಅದೇ ಜೀಪಿನಲ್ಲಿ ಕೂಡಿಸಿದರು. ನಮ್ಮಲ್ಲಿ ಮಕ್ಕಳಿಗೆ ಕಿವಿ ಚುಚ್ಚಿಸುತ್ತೇವಲ್ಲ, ಹಾಗೆ. ಯಾರೂ ಇವಳನ್ನು ಕೇಳಲಿಲ್ಲ, ಇವಳೂ ಕೇಳಲಿಲ್ಲ. ಅಜ್ಜಿ ಹಣೆಗೆ ಅಕ್ಕಿ ಮೊಸರಿನ ತಿಲಕ ಹಚ್ಚಿ, ನನ್ನ ಹಿರಿಮಗನ ಒಲೆ ಇನ್ನು ಆರುವುದಿಲ್ಲ ಅಂದಳಂತೆ. ಗುಡ್ಡದ ಓರೆಯಲ್ಲಿರುವ ಒಂದು ತುಂಡು ಹೊಲವನ್ನು ಮೊಮ್ಮಗಳ ಹೆಸರಿಗೆ ಮಾಡಿದಳು.

ಬಹಾದ್ದೂರನ ಸಂತೋಷ ಹೇಳತೀರದು. ಅವನು ಮಾಡಿದ ತಪ್ಪು ಅಂದರೆ ಇದೊಂದೇ: ತಿರುಗಿ ಬಂದವನೇ ಬಜಾರಿನ ಅಂಗಡಿ ಅಂಗಡಿಗೂ ಪೇಢೆ ಹಂಚಿದ. ಮಗ ಹುಟ್ಟಲಿ, ಮಗಳು ಪಾಸಾಗಲಿ, ಹೊಸ ಮಗ್ಗ ಬರಲಿ, ಬಜಾರಿನಲ್ಲಿ ಪೇಢೆ ಹಂಚುವುದು ನಮ್ಮ ಊರಿನ ಪದ್ಧತಿ. ಅವನು ಪದ್ಧತಿ ಬಿಡಲಿಲ್ಲ. ನನ್ನ ಮಗಳಿಗೆ ನಮ್ಮ ದೇಶದ ಪತ್ರ ಆಯಿತು ಅಂತ ಒಬ್ಬೊಬ್ಬರಿಗೂ ಹೇಳಿದ. ಎಲ್ಲರೂ ಪೇಢೆ ಬಾಯಿಗಿಟ್ಟುಕೊಂಡು, ಛಲೋ ಆತು ಬಿಡೋ ಅಂದರು.

ಶೈಲಾಳಿಗೆ ಸಣ್ಣವಳಿದ್ದಾಗಿನಿಂದ ಪೊಲೀಸ್ ಆಗುವ ಹುಚ್ಚು. ಊರು ಕಾಯೋದು ನಮ್ಮ ಮನಿ ಕಸಬು, ಅಪ್ಪ ಸೀಟಿ ಹಿಡಿದು ಕಾಯ್ತಾನ, ನಾ ಯೂನಿಫಾರ್ಮ್ ಹಾಕ್ಕೊಂಡು ಕಾಯ್ತೇನಿ ಅನ್ನುತ್ತಿದ್ದಳು. ಹುನಗುಂದದ ರಸ್ತೆಯಲ್ಲಿ ಬೆಳಗಾಗುವ ಹೊತ್ತಿಗೆ ಓಡುತ್ತಿದ್ದಳು. ಅಪ್ಪ ಪಾಳಿಯಿಂದ ಬಂದವನು ನಿದ್ದೆಗಣ್ಣಲ್ಲೇ ಸೈಕಲ್ ಹತ್ತಿ ಅವಳ ಹಿಂದೆ ಹೋಗುತ್ತಿದ್ದ. ಡಿಗ್ರಿ ಮುಗಿಸಿದಳು, ಬಾಗಲಕೋಟೆಯಲ್ಲಿ ಓಟ, ಜಿಗಿತ, ಬರವಣಿಗೆ ಎಲ್ಲ ಪಾಸಾದಳು, ಕಾನ್‌ಸ್ಟೇಬಲ್ ಪಟ್ಟಿಯಲ್ಲಿ ಹೆಸರು ಬಂತು. ಅವತ್ತು ಬಸಲಿಂಗವ್ವ ಇಡೀ ಓಣಿಗೆ ಹೋಳಿಗೆ ಮಾಡಿದಳು.

ಆ ಪಟ್ಟಿಯಲ್ಲಿ ಒಂದೇ ಸ್ಥಾನದಿಂದ ಹಿಂದೆ ಬಿದ್ದವಳು ಪ್ರಭುಲಿಂಗನ ಹೆಂಡತಿಯ ತಂಗಿಯ ಮಗಳು. ಇನ್ನು ಬಿಡಿಸಿ ಹೇಳಬೇಕೆ? ಪ್ರಭುಲಿಂಗ ಮೇಲಿನವರಿಗೆ ಅರ್ಜಿ ಬರೆದ: ಈ ಹುಡುಗಿ ನೇಪಾಳದ ಪ್ರಜೆ, ಅವಳ ತಂದೆಯೇ ನನಗೆ ಹೇಳಿದ್ದಾನೆ ಅಂತ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಏನು ಅಂತ ನಾನು ವರ್ಷಗಟ್ಟಲೆ ಮಕ್ಕಳಿಗೆ ಗಾದೆ ಬಿಡಿಸಿ ಹೇಳಿದ್ದೇನೆ. ಇಂಥ ಉದಾಹರಣೆ ಒಂದೂ ಸಿಕ್ಕಿರಲಿಲ್ಲ. ಪೇಢೆ ತಿಂದ ಬಾಯಿ, ಆ ಸೊಟ್ಟ ಕೈ ಉಳಿಸಿಕೊಟ್ಟ ಅಂಗಡಿ, ಅದೇ ಅಂಗಡಿಯ ಗಾದಿ ಮೇಲೆ ಕೂತು ಬರೆದ ಅರ್ಜಿ!

ದಾಖಲೆ ನೋಡುವ ಅಧಿಕಾರಿ ಶೈಲಾಳನ್ನು ಕರೆದು ಕೇಳಿದರು. ಇಲ್ಲ ಅಂದಿದ್ದರೆ ಯಾರು ಆ ಗುಡ್ಡ ಹತ್ತಿ ಹುಡುಕುತ್ತಿದ್ದರು? ನಮ್ಮ ಶೈಲಾ ಹೌದು ಅಂದಳು. ಪತ್ರವನ್ನು ತಾನೇ ತೆಗೆದು ಮೇಜಿನ ಮೇಲಿಟ್ಟಳು. ಯಾಕವ್ವಾ ಹಾಂಗ ಮಾಡಿದಿ ಅಂದರೆ, ಪ್ರಮಾಣ ಮಾಡೋ ನೌಕರಿ ಅಕ್ಕೋರ, ಸುಳ್ಳು ಹೇಳಿ ಹ್ಯಾಂಗ ಒಳಗ ಹೋಗ್ಲಿ ಅಂದಳು. ನನಗೆ ಅವಳ ಕಿವಿ ಹಿಂಡಬೇಕೋ ಅವಳನ್ನು ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ.

ನಾನು ನೆಟ್ಟಗೆ ಪ್ರಭುಲಿಂಗನ ಅಂಗಡಿಗೆ ಹೋದೆ. ಗಿರಾಕಿಗಳ ಎದುರಿಗೇ ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಸೀರೆ ಮಡಚುತ್ತ, ತಲೆ ಎತ್ತದೆ, “ನಾ ಸುಳ್ಳು ಏನೂ ಬರದಿಲ್ಲ ಅಕ್ಕೋರ. ಎರಡು ದೋಣ್ಯಾಗ ಕಾಲಿಟ್ಟವರನ್ನ ಸರಕಾರ ಯಾಕ ತಗೋಬೇಕು?” ಅಂದ. ಅವಳು ಕಾಲಿಟ್ಟಿಲ್ಲೋ, ಅವ್ವ ಅಪ್ಪ ಎತ್ತಿ ಕೂಡಿಸಿದ್ದು ಅಂದೆ. ಕಾನೂನು ಕಾನೂನು ಅಂತ ಎರಡು ಸಲ ಅಂದ. ಕಾಗದ ತೋರಿಸು, ನೀನು ಯಾರು ಹೇಳು ಅನ್ನುವ ಮಾತು ನನ್ನಂಥವರಿಗೆ ಹೊಸದಲ್ಲ. ನಾಲ್ಕು ತಲೆಮಾರಿನಿಂದ ಈ ಊರಿನ ಮಣ್ಣಿನಲ್ಲಿರುವ ನಮ್ಮನ್ನೇ ಕೇಳುವವರಿದ್ದಾರೆ. ಆದರೆ ರಾತ್ರಿಯೆಲ್ಲ ಯಾರ ಸೀಟಿಯನ್ನು ನಂಬಿ ನಿದ್ದೆ ಮಾಡಿದರೋ ಅವನ ಮಗಳನ್ನು ಕೇಳಿದರಲ್ಲ, ನನಗೆ ಮೈಯೆಲ್ಲ ಉರಿದುಹೋಯಿತು.

ಹುನಗುಂದದ ಕೋರ್ಟಿನಲ್ಲಿ ವಕೀಲನಾಗಿರುವ ಸಂತೋಷಕುಮಾರ ನನ್ನ ಹಳೆಯ ವಿದ್ಯಾರ್ಥಿ. ಅವನ ಹತ್ತಿರ ಹೋದೆವು. ಅವನು ಪುಸ್ತಕ ತಿರುವಿ ಹೇಳಿದ್ದು ಇಷ್ಟು. ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ. ತಾನಾಗಿ ಇನ್ನೊಂದು ದೇಶ ಬಯಸಿ ಪಡೆದರೆ ನಮ್ಮದು ಹೋಗುತ್ತದೆ. ಇವಳು ಆಗ ಹದಿನಾರರವಳು, ತಾನಾಗಿ ಪಡೆದದ್ದಲ್ಲ, ಹಾಗಾಗಿ ನಮ್ಮದು ಹೋಗಿಲ್ಲ ಅಂತ ವಾದ ಮಾಡಬಹುದು. ಆದರೆ ವಾದ ನಿಲ್ಲಬೇಕಾದರೆ ಆ ಪತ್ರವನ್ನು ಅಲ್ಲಿಯೇ ಹೋಗಿ ತಿರುಗಿ ಕೊಟ್ಟು, ಆ ದೇಶ ಬಿಟ್ಟೆ ಅಂತ ಬರೆಸಿಕೊಂಡು ಬರಬೇಕು. ಮತ್ತೊಂದು ಮಾತನ್ನೂ ಹೇಳಿದ, ಅದನ್ನು ಕೇಳಿ ನಾನು ಅವನ ಮೇಜು ಗುದ್ದಿದೆ. ಬರೀ ನೇಪಾಳದವಳಾಗಿದ್ದರೆ ಸರಕಾರದ ವಿಶೇಷ ಪತ್ರ ತಂದು ಇಂಥ ಕೆಲವು ನೌಕರಿಗೆ ಅರ್ಜಿ ಹಾಕುವ ದಾರಿ ಇದೆಯಂತೆ. ಬರೀ ಭಾರತದವಳಾಗಿದ್ದರಂತೂ ಪ್ರಶ್ನೆಯೇ ಇಲ್ಲ. ಎರಡೂ ಆದವಳಿಗೆ ಎರಡೂ ಬಾಗಿಲು ಮುಚ್ಚಿದವು. ಇದು ಯಾವ ಸೀಮೆ ನ್ಯಾಯ?

ನೇಮಕಾತಿಯವರು ಎರಡು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ನೇಪಾಳ ಬಿಟ್ಟ ಕಾಗದ ತಂದರೆ ನೌಕರಿ, ಇಲ್ಲದಿದ್ದರೆ ಆ ಜಾಗ ಪಟ್ಟಿಯಲ್ಲಿ ಮುಂದಿನವಳಿಗೆ. ನೇಪಾಳದ ಕಚೇರಿಗೆ ಫೋನ್ ಮಾಡಿದರೆ, ನೀವು ಬೇರೆ ದೇಶದವರು ಅಂತ ಆ ದೇಶದ ಕಾಗದ ಮೊದಲು ತನ್ನಿ, ಆಮೇಲೆ ಬಿಡಿಸುತ್ತೇವೆ ಅಂದರು. ಇಲ್ಲಿ ಕೇಳಿದರೆ, ಅಲ್ಲಿ ಬಿಟ್ಟ ಕಾಗದ ಮೊದಲು ತನ್ನಿ, ಆಮೇಲೆ ನಮ್ಮವರು ಅನ್ನುತ್ತೇವೆ ಅಂದರು. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ! ಸಂತೋಷಕುಮಾರ ಬಾಗಲಕೋಟೆಗೆ ಅಲೆದು ಅಲೆದು, ಇವಳು ಇಲ್ಲಿ ಹುಟ್ಟಿದವಳು, ತಾಯಿ ಇಲ್ಲಿಯವಳು ಅನ್ನುವುದಕ್ಕೆ ಒಂದು ದೃಢೀಕರಣ ಬರೆಸಿಕೊಂಡು ಬಂದ. ನೇಪಾಳದವರು ಅದನ್ನು ಒಪ್ಪಿದರು, ಒಂದೇ ಕೆಲಸ ಉಳಿಯಿತು. ಪತ್ರ ಮಾಡಿಸಿದವನು ತಂದೆ, ಆದ್ದರಿಂದ ಬಿಡಿಸುವಾಗಲೂ ತಂದೆ ಎದುರಿಗೆ ಬಂದು ಸಹಿ ಮಾಡಬೇಕು ಅಂದಿದ್ದರು ಅಲ್ಲಿಯವರು.

ಬಹಾದ್ದೂರ ಮಾಡುವುದಿಲ್ಲ ಅಂದ.

ಅವನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ಓಟಿನ ಹೊತ್ತಿಗೆ ಎಷ್ಟೋ ಮಂದಿ ಅವನಿಗೆ, ಒಂದು ಕಾರ್ಡು ಮಾಡಿಸಿಕೊಡುತ್ತೇವೆ, ಓಟು ಹಾಕು ಅಂದಿದ್ದುಂಟು. ನಾನು ಈ ದೇಶದವನಲ್ಲ, ಅದು ತಪ್ಪು ಅಂತ ಕೈ ಮುಗಿದು ಕಳಿಸಿದ ಮನುಷ್ಯ. ಎಲ್ಲರಿಗಿಂತ ನಿಯತ್ತಿನಿಂದ ಇದ್ದದ್ದಕ್ಕೆ ಇದು ಫಲ. ಅಂಗಳದ ಕಟ್ಟೆಯ ಮೇಲೆ ಕೂತು, ಸೊಟ್ಟ ಕೈಯಿಂದ ತೊಡೆ ಬಡಿದುಕೊಂಡು ನನ್ನನ್ನೇ ಕೇಳಿದ.

“ಮಗಳು ನನ್ನ ದೇಶದಾಕಿ ಅಲ್ಲ ಅಂತ ನಾನ ಸಹಿ ಮಾಡ್ಬೇಕೇನ್ರಿ ಅಕ್ಕೋರ? ನಮ್ಮವ್ವಗ ಹೋಗಿ ಏನ ಹೇಳ್ಲಿ?”

ಶೈಲಾ, ನನಗೆ ಈ ನೌಕರಿಯೇ ಬೇಡ, ಅಪ್ಪನನ್ನು ಹೀಗೆ ಮಾಡಿ ಯಾವ ಯೂನಿಫಾರ್ಮ್ ಹಾಕಿಕೊಳ್ಳಲಿ ಅಂದಳು. ಹಾಗಂದವಳು ಗೋಡೆ ಕಡೆ ಮುಖ ಮಾಡಿ ಅತ್ತಳು. ಅಪ್ಪ ಮಗಳು ಒಂದೇ ಮನೆಯಲ್ಲಿ ಮಾತಿಲ್ಲದೆ ತಿರುಗಾಡತೊಡಗಿದರು. ಗಡುವು ಹತ್ತಿರ ಬಂತು.

ಕೊನೆಗೆ ಬಾಯಿ ಬಿಟ್ಟವಳು ಬಸಲಿಂಗವ್ವ. ಮೂರು ಮಂದಿಯಲ್ಲಿ ಅತಿ ಕಡಿಮೆ ಮಾತಿನವಳು ಅವಳೇ. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ನಿನ್ನ ಸಲುವಾಗಿ ನಾ ತವರು ಬಿಟ್ಟೆ. ನಮ್ಮಪ್ಪ ಮಗಳಿಲ್ಲ ಅಂದ. ಖರೆ, ಆದ್ರ ನಮ್ಮವ್ವ ಬಾಣಂತನಕ್ಕ ಬಂದಳೋ ಇಲ್ಲೋ? ಬಿಟ್ಟ ಮ್ಯಾಲೂ ನಾ ಆಕಿ ಮಗಳ ಇದ್ದೆ. ನಿನ್ನ ಮಗಳು ಒಂದು ಚೀಟಿ ಕೊಟ್ಟು ಬಂದ್ರ ನಿನ್ನ ಮಗಳು ಅಲ್ಲಂತಾಳೇನು?”

ಅವಳು ಒಳಗೆ ಹೋಗಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಬಹಾದ್ದೂರ ಎದ್ದು, ಬ್ಯಾಗು ಎಲ್ಲಿಟ್ಟೀ ಅಂತ ಕೇಳಿದ.

ಬಾದಾಮಿ ಸ್ಟೇಶನ್ನಿನಿಂದ ಅಪ್ಪ ಮಗಳು ರೈಲು ಹತ್ತಿದರು. ಅಲ್ಲಿ ಏನಾಯಿತು ಅನ್ನುವುದನ್ನು ಶೈಲಾ ನನಗೆ ಆಮೇಲೆ ಹೇಳಿದಳು. ಮೊದಲು ಗುಡ್ಡದ ಮನೆಗೆ ಹೋದರು. ಅಜ್ಜಿಗೆ ಕಣ್ಣು ಮಂಜು, ಕಿವಿ ಚುರುಕು. ಎಲ್ಲ ಕೇಳಿಸಿಕೊಂಡು, ಹೊಲ ಹೋಗುತ್ತದಲ್ಲ ಅಂದಳಂತೆ. ಹೌದು, ಹೋಗುತ್ತದೆ, ಪರದೇಶದವರು ಅಲ್ಲಿ ಹೊಲ ಇಟ್ಟುಕೊಳ್ಳುವಂತಿಲ್ಲ ಅಂದಳು ಇವಳು. ಅಜ್ಜಿ ತಡಕಾಡಿ ಮೊಮ್ಮಗಳ ಕೈ ಹಿಡಿದಳು. ಆಮೇಲೆ, ಹೊಲ ನಿನ್ನ ಚಿಕ್ಕಪ್ಪ ಉಳುತ್ತಾನೆ, ಹಬ್ಬಕ್ಕೆ ಬರುವುದನ್ನು ಮಾತ್ರ ಬಿಡಬೇಡ ಅಂದಳು. ಮರುದಿನ ಕಚೇರಿಯಲ್ಲಿ ಬಹಾದ್ದೂರ ಸಹಿ ಮಾಡಿದ. ಸಹಿಯಾದ ಮೇಲೆ ಗುಮಾಸ್ತ ಆ ಪತ್ರದ ಮೇಲೆ ಅಡ್ಡ ಗೆರೆ ಎಳೆಯತೊಡಗಿದ. ಆಗ ಮಾತ್ರ ಬಹಾದ್ದೂರ, ಹುಡುಗಿ ಫೋಟೋದ ಮ್ಯಾಲ ಎಳೀಬ್ಯಾಡ್ರಿ ಅಂತ ನಮ್ಮ ಕನ್ನಡದಲ್ಲೇ ಅಂದುಬಿಟ್ಟನಂತೆ. ಗುಮಾಸ್ತನಿಗೆ ತಿಳಿಯಲಿಲ್ಲ.

ಗಡುವಿನೊಳಗೆ ಕಾಗದ ಬಂತು, ನೌಕರಿ ಸಿಕ್ಕಿತು. ಊರು ಎಂಥದ್ದು ನೋಡಿ: ತರಬೇತಿ ಮುಗಿಸಿ ಶೈಲಾ ಖಾಕಿ ಹಾಕಿಕೊಂಡು ನಮ್ಮ ಊರಿನ ಠಾಣೆಗೇ ಬಂದ ದಿನ ಪ್ರಭುಲಿಂಗನೂ ಹಾರ ತಂದಿದ್ದ. ನಮ್ಮ ಬಜಾರಿನ ಹುಡುಗಿ ಅಂದ. ನಾನು ಅವನ ಕಡೆ ಬೆನ್ನು ಮಾಡಿ ನಿಂತೆ. ಇನ್ನು ಎಲ್ಲ ಸುಖವಾಯಿತು ಅಂತ ನಾನೂ ಅಂದುಕೊಂಡೆ. ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ.

ಹೋದ ತಿಂಗಳು ಊರಿನಲ್ಲಿ ಪರದೇಶದವರು ಯಾರು ಯಾರು ಇದ್ದಾರೆ ಅಂತ ಬರೆದುಕೊಳ್ಳುವ ಹುಕುಂ ಬಂತು. ಪೇದೆಗಳಿಗೆ ಓಣಿ ಓಣಿ ಹಂಚಿದರು. ನಮ್ಮ ಓಣಿಗೆ ಬೇರೊಬ್ಬ ಪೇದೆಯ ಹೆಸರಿತ್ತು. ಶೈಲಾ ಠಾಣೆಯ ಸಾಹೇಬರನ್ನು ಕೇಳಿ ಅದನ್ನು ತಾನೇ ತೆಗೆದುಕೊಂಡಳು. ಯಾಕೆ ಅಂತ ನಾನು ಕೇಳಿದ್ದಕ್ಕೆ, ಆ ಪೇದೆ ಎಲ್ಲರನ್ನೂ ಲೇ ಅಂತಾನ ಅಕ್ಕೋರ, ಅಪ್ಪಗ ಅನ್ನೋದು ಬ್ಯಾಡ ಅಂದಳು.

ಬೆಳಿಗ್ಗೆ ಹತ್ತರ ಸುಮಾರಿಗೆ ಬಂದಳು. ನಾನು ನಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದೆ. ಬೂಟು ಕಳಚಲಿಲ್ಲ, ಹೊಸ್ತಿಲು ದಾಟಲಿಲ್ಲ. ಬಸಲಿಂಗವ್ವ ಒಳಗೆ ಬಾ ಅಂದರೆ, ಡ್ಯೂಟಿ ಮ್ಯಾಲಿದ್ದೇನವ್ವ ಅಂದಳು. ಬಹಾದ್ದೂರ ಆಗಷ್ಟೇ ಮಲಗಿದ್ದವನು ಎದ್ದು ಬಂದ. ಮಗಳ ಕೈಯಲ್ಲಿದ್ದ ಹಾಳೆ ನೋಡಿದ, ಖಾಕಿ ನೋಡಿದ. ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ. ಸಾಹೇಬರ ಎದುರು ನಿಲ್ಲುತ್ತಾನಲ್ಲ, ಹಾಗೇ ನಿಂತ.

ಹೆಸರು ಕೇಳಿದಳು. ಪೂರ್ತಿ ಹೆಸರು ಹೇಳಿದ. ಆ ಹೆಸರನ್ನು ಈ ಊರು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು ಇರಬೇಕು. ದೇಶ ಕೇಳಿದಳು. ನೇಪಾಳ ಅಂದ. ಬಸಲಿಂಗವ್ವ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಇಲ್ಲಿಗೆ ಬಂದ ಕಾರಣ ಅನ್ನುವುದೂ ಒಂದು ಪ್ರಶ್ನೆ ಇತ್ತು. ಹೊಟ್ಟಿಗೆ ಬಂದೆ, ನಿಮ್ಮವ್ವನ ಸಲುವಾಗಿ ಉಳದೆ ಅಂದ. ಶೈಲಾ ಹೊಟ್ಟೆಪಾಡು ಅಂತ ಬರೆದಳು. ಉಳಿದದ್ದನ್ನು ಬರೆಯಲು ಅಲ್ಲಿ ಜಾಗ ಇರಲಿಲ್ಲ.

ಕೊನೆಯ ಪ್ರಶ್ನೆಗೆ ಬಂದಾಗ ಅವಳ ದನಿ ಕೆಳಗಿಳಿಯಿತು. ನಿಮ್ಮನ್ನ ಬಲ್ಲ ಭಾರತದವರು ಯಾರರೆ ಒಬ್ಬರ ಹೆಸರು ಬೇಕು, ನಿಮ್ಮ ಜವಾಬ್ದಾರಿ ತಗೊಳ್ಳೋರು ಅಂದಳು. ನಾನು ಅಕ್ಕಿಯ ಮೊರ ಕೆಳಗಿಟ್ಟು, ನನ್ನ ಹೆಸರು ಬರಿ ಅನ್ನಲು ಎದ್ದೆ. ಬಹಾದ್ದೂರ ನನ್ನ ಕಡೆ ನೋಡಲೂ ಇಲ್ಲ.

“ಬರಕೋರಿ ಮೇಡಂ. ಶೈಲಾ ಅಂತ, ಪೊಲೀಸ್ ಅದಾಳ. ಮೊದಲ ಎರಡೂ ದೇಶದಾಕಿ ಇದ್ದಳು, ಈಗ ಬರೇ ಭಾರತದಾಕಿ. ನಾನ ಸಹಿ ಮಾಡೇನಿ.”

ಶೈಲಾ ತಲೆ ಎತ್ತಲಿಲ್ಲ. ಬಾಗಿಲ ಚೌಕಟ್ಟಿಗೆ ಹಾಳೆ ಒತ್ತಿಹಿಡಿದು ತನ್ನ ಹೆಸರನ್ನು ಬರೆದುಕೊಂಡಳು.